ಖಾತೆ ನನ್ನದು, ನಂಬರು ಮಗನದು: ಯುಪಿಐ ಹಾಕಿಕೊಳ್ಳುವುದು ಹೇಗೆ?

ಪ್ರಶ್ನೆ: ನಾನು 66 ವರ್ಷದ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ಹಬ್ಬಕ್ಕೆ ಬಂದಿದ್ದ ಮಗ ಸ್ಮಾರ್ಟ್‌ಫೋನ್ ಕೊಡಿಸಿ ಹೋದ. ಹಣ ಕಳಿಸುವ ಆಪ್ ಹಾಕಿಕೊಂಡು ನೋಡಿದೆ, ‘ಈ ಮೊಬೈಲ್ ಸಂಖ್ಯೆಗೆ ಖಾತೆ ಸಿಗಲಿಲ್ಲ’ ಎಂದು ಬರುತ್ತಿದೆ. ಪಿಂಚಣಿ ಬರುವ ಖಾತೆಗೆ ಮೊದಲಿನಿಂದಲೂ ಮಗನ ನಂಬರನ್ನೇ ಕೊಟ್ಟಿದ್ದೇನೆ. ಅವನಿರುವುದು ಬೆಂಗಳೂರಿನಲ್ಲಿ. ಎಟಿಎಂ ಕಾರ್ಡು ಬ್ಯಾಂಕಿನವರು ಕೊಟ್ಟ ಲಕೋಟೆಯಲ್ಲೇ ಇದೆ, ಒಮ್ಮೆಯೂ ಬಳಸಿಲ್ಲ. ನಮ್ಮ ಬೀದಿಯಲ್ಲೊಬ್ಬರಿಗೆ ಯಾರೋ ಫೋನ್ ಮಾಡಿ, ಏನೋ ಒತ್ತಿಸಿ, 38,000 ರೂಪಾಯಿ ಹೋಯಿತು. ಅಂದಿನಿಂದ ನನ್ನಾಕೆ ಇದೆಲ್ಲ ಬೇಡವೇ ಬೇಡ ಅನ್ನುತ್ತಾಳೆ. ಪಿಂಚಣಿ ಖಾತೆಯನ್ನು ಇದಕ್ಕೆ ಜೋಡಿಸಬಹುದೇ? ಹಣ ತಪ್ಪಿ ಹೋದರೆ ಯಾರನ್ನು ಕೇಳಬೇಕು?

ಉತ್ತರ: ಮೇಷ್ಟ್ರೇ, ನಿಮ್ಮ ಆಪ್ ಕೆಟ್ಟಿಲ್ಲ, ನೀವೂ ತಪ್ಪು ಮಾಡಿಲ್ಲ. ‘ಈ ನಂಬರಿನವರ ಖಾತೆ ನಿಮ್ಮಲ್ಲಿದೆಯೇ?’ ಎಂದು ಆಪ್ ಬ್ಯಾಂಕನ್ನು ಕೇಳಿತು, ಬ್ಯಾಂಕು ತನ್ನ ದಾಖಲೆ ನೋಡಿ ಇಲ್ಲ ಅಂದಿತು. ಆಗಿರುವುದು ಇಷ್ಟೇ. ನಾನು ಬ್ಯಾಂಕ್ ಶಾಖೆಯಲ್ಲಿ ಕೆಲಸದಲ್ಲಿದ್ದ ಕೊನೆಯ ವರ್ಷಗಳಲ್ಲಿ ಇದೇ ದೂರು ಹಿಡಿದು ಬರುವವರಿಗೆ ಲೆಕ್ಕವಿರಲಿಲ್ಲ. ಮಗನ ನಂಬರು, ಅಳಿಯನ ನಂಬರು, ಒಮ್ಮೆಯಂತೂ ಖಾತೆ ತೆರೆದ ದಿನ ಬ್ಯಾಂಕಿಗೆ ಬಿಟ್ಟುಹೋದ ಆಟೋ ಚಾಲಕರ ನಂಬರು! ಅರ್ಜಿಯಲ್ಲಿ ಹತ್ತು ಚೌಕ ಖಾಲಿ ಇದ್ದವು, ಯಾರದೋ ಒಂದು ತುಂಬಿಸಿದ್ದರು. ಆಗ ಅದಕ್ಕೆ ಬೆಲೆ ಇರಲಿಲ್ಲ. ಈಗ ಆ ಹತ್ತು ಅಂಕಿಯೇ ಖಾತೆಯ ಬೀಗದ ಕೈ.

ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇದೊಂದು ತಿಳಿದರೆ ಮುಂದಿನದೆಲ್ಲ ಸುಲಭ. ನೀವು ಆಪ್ ತೆರೆದು ನಂಬರು ಕೊಟ್ಟ ಕೂಡಲೇ ನಿಮ್ಮ ಫೋನಿನಿಂದ ಒಂದು ಎಸ್ಸೆಮ್ಮೆಸ್ ತಾನಾಗಿ ಹೊರಡುತ್ತದೆ. ಅದರಲ್ಲಿ ಓದಲಾಗದ ಏನೇನೋ ಅಕ್ಷರಗಳಿರುತ್ತವೆ. ಆ ಎಸ್ಸೆಮ್ಮೆಸ್ ಯಾವ ಸಿಮ್‌ನಿಂದ ಬಂತು ಎಂಬುದೇ ಪುರಾವೆ. ಈ ಸಿಮ್, ಈ ಫೋನು, ಈ ಮನುಷ್ಯ ಎಂದು ಮೂರನ್ನೂ ಆಗ ಗಂಟು ಹಾಕಿಬಿಡುತ್ತಾರೆ. ನಿಮ್ಮ ನಂಬರನ್ನು ಇನ್ನೊಬ್ಬ ತನ್ನ ಫೋನಿನಲ್ಲಿ ಟೈಪ್ ಮಾಡಿ ನಿಮ್ಮ ಖಾತೆಗೆ ಕೈ ಹಾಕಲಾಗದಿರುವುದು ಇದರಿಂದಲೇ. ಸಿಮ್ ಅವನ ಕೈಯಲ್ಲಿಲ್ಲವಲ್ಲ.

ಹಾಗಾಗಿ ಮೊದಲ ಕೆಲಸ ಫೋನಿನಲ್ಲಿಲ್ಲ, ಬ್ಯಾಂಕಿನಲ್ಲಿದೆ. ಪಾಸ್‌ಬುಕ್, ಆಧಾರ್ ಹಿಡಿದು ನಿಮ್ಮ ಶಾಖೆಗೆ ಹೋಗಿ ಮೊಬೈಲ್ ಸಂಖ್ಯೆ ಬದಲಾವಣೆಯ ಅರ್ಜಿ ಕೊಡಿ. ಮಗನಿಗೆ ಮೊದಲೇ ತಿಳಿಸಿರಿ, ಹಳೆಯ ನಂಬರಿಗೆ ಓಟಿಪಿಯೋ ಸಂದೇಶವೋ ಹೋದರೆ ಅವನು ಗಾಬರಿಯಾಗಬಾರದು. ಇನ್ನು ಮೇಲೆ ಪಿಂಚಣಿ ಜಮೆಯಾದ ಸಂದೇಶವೂ ನಿಮಗೇ ಬರುತ್ತದೆ. ತಿಂಗಳ ಮೊದಲ ವಾರ ‘ಬಂತೇನಪ್ಪಾ?’ ಎಂದು ಮಗನಿಗೆ ಫೋನ್ ಮಾಡುವುದು ತಪ್ಪುತ್ತದೆ. ಅದೇ ದಿನ ಆಧಾರ್‌ಗೆ ಯಾವ ನಂಬರು ಇದೆ ಅಂತಲೂ ವಿಚಾರಿಸಿ. ಅಲ್ಲೂ ಮಗನದೇ ಇದ್ದರೆ ಆಧಾರ್ ಸೇವಾ ಕೇಂದ್ರದಲ್ಲಿ ಬದಲಾಯಿಸಿಕೊಳ್ಳಬಹುದು.

ಬ್ಯಾಂಕಿನ ದಾಖಲೆಯಲ್ಲಿ ನಂಬರು ಬದಲಾಯಿತು ಎಂಬ ಸಂದೇಶ ಬಂದ ಮೇಲೆ ಆಪ್‌ಗೆ ಬನ್ನಿ. ಯಾವ ಆಪ್ ಎಂದು ಎಲ್ಲರೂ ಕೇಳುತ್ತಾರೆ. ಭೀಮ್, ಫೋನ್‌ಪೇ, ಗೂಗಲ್ ಪೇ, ಪೇಟಿಎಂ, ನಿಮ್ಮ ಬ್ಯಾಂಕಿನದೇ ಆಪ್, ಯಾವುದಾದರೂ ಸರಿ. ಇವೆಲ್ಲ ಒಂದೇ ಹೊಳೆಗೆ ಕಟ್ಟಿದ ಬೇರೆ ಬೇರೆ ಮೆಟ್ಟಿಲು. ಆ ಹೊಳೆಯೇ ಯುಪಿಐ. ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ ಕಟ್ಟಿದ ಈ ವ್ಯವಸ್ಥೆಗೆ 2016ರ ಏಪ್ರಿಲ್ 11ರಂದು ಆಗಿನ ರಿಸರ್ವ್ ಬ್ಯಾಂಕ್ ಗವರ್ನರ್ ರಘುರಾಮ್ ರಾಜನ್ ಚಾಲನೆ ಕೊಟ್ಟರು. ಎನ್‌ಪಿಸಿಐನದೇ ಆದ ಭೀಮ್ ಆಪ್ ಅದೇ ವರ್ಷ ಡಿಸೆಂಬರ್ 30ಕ್ಕೆ ಬಂತು. ನೀವು ಕಳಿಸುವ ಹಣ ಆಪ್‌ನವರ ಪೆಟ್ಟಿಗೆಯಲ್ಲಿ ಕೂರುವುದಿಲ್ಲ, ನಿಮ್ಮ ಖಾತೆಯಿಂದ ಎದುರಿನವರ ಖಾತೆಗೆ ನೇರ ಹೋಗುತ್ತದೆ. ನಾಳೆ ಆಪ್ ಅಳಿಸಿ ಹಾಕಿದರೂ ದುಡ್ಡು ಬ್ಯಾಂಕಿನಲ್ಲೇ ಇರುತ್ತದೆ. ನನ್ನನ್ನು ಕೇಳಿದರೆ, ಆಫರ್ರು, ಸ್ಕ್ರ್ಯಾಚ್ ಕಾರ್ಡು, ಸಾಲ ಬೇಕೇ ಎಂಬ ಜಾಹೀರಾತು ಕಡಿಮೆ ಇರುವುದನ್ನು ಆರಿಸಿಕೊಳ್ಳಿ. ಕಣ್ಣಿಗೆ ಗೊಂದಲ ಕಡಿಮೆಯಾದಷ್ಟೂ ಬೆರಳು ತಪ್ಪುವುದು ಕಡಿಮೆ. ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿಕೊಳ್ಳಿ. ಅನುವಾದ ಕೆಲವು ಕಡೆ ನಗು ತರಿಸುತ್ತದೆ, ಆದರೂ ‘ಕಳಿಸಿ’ ಎಂಬುದನ್ನು ‘ಕಳಿಸಿ’ ಎಂದೇ ಓದುವುದು ಕ್ಷೇಮ.

ಆಪ್ ಇಳಿಸಿಕೊಳ್ಳುವುದು ಪ್ಲೇ ಸ್ಟೋರ್‌ನಿಂದ ಮಾತ್ರ. ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ ಎಪಿಕೆ ಎಂಬ ಕಡತವನ್ನು ಯಾವ ಕಾರಣಕ್ಕೂ ತೆರೆಯಬೇಡಿ. ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್, ಬ್ಯಾಂಕ್ ಕೆವೈಸಿ ಎಂದೆಲ್ಲ ಹೆಸರಿಟ್ಟುಕೊಂಡು ಬರುವ ಈ ಕಡತಗಳು ಫೋನಿನೊಳಗೆ ಕೂತು ನಿಮಗೆ ಬರುವ ಓಟಿಪಿಗಳನ್ನು ಕದ್ದು ಓದುತ್ತವೆ. ಕರೆಯೋಲೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆಯೇ ಹೊರತು, ‘ಇನ್‌ಸ್ಟಾಲ್ ಮಾಡಿ’ ಎಂದು ಯಾವ ಬೀಗರೂ ಕೇಳುವುದಿಲ್ಲ.

ನೋಂದಣಿ ಮಾಡುವಾಗ ಮನೆಯ ವೈಫೈ ಬಿಟ್ಟು ಮೊಬೈಲ್ ಡೇಟಾ ಹಾಕಿಕೊಳ್ಳಿ, ತೊಡಕು ಕಡಿಮೆ. ಫೋನಿನಲ್ಲಿ ಎರಡು ಸಿಮ್ ಇದ್ದರೆ ಬ್ಯಾಂಕಿಗೆ ಕೊಟ್ಟದ್ದನ್ನೇ ಆರಿಸಿ. ಬರೀ ಡೇಟಾ ಪ್ಯಾಕ್ ಹಾಕಿಸಿಕೊಂಡವರಿಗೆ ಎಸ್ಸೆಮ್ಮೆಸ್ ಹೋಗದೆ ಆಪ್ ಸುತ್ತುತ್ತಲೇ ಇರುತ್ತದೆ, ಕರೆ ಮತ್ತು ಎಸ್ಸೆಮ್ಮೆಸ್ ಇರುವ ಪ್ಯಾಕ್ ಬೇಕು. ಎಸ್ಸೆಮ್ಮೆಸ್ ಹೋದ ಮೇಲೆ ಬ್ಯಾಂಕುಗಳ ಪಟ್ಟಿ ಬರುತ್ತದೆ. ನಿಮ್ಮದನ್ನು ಮುಟ್ಟಿದರೆ ಖಾತೆಯ ಕೊನೆಯ ನಾಲ್ಕು ಅಂಕಿ ಕಾಣುತ್ತದೆ. ಅಲ್ಲಿಗೆ ಅರ್ಧ ದಾರಿ.

ಉಳಿದರ್ಧ ಯುಪಿಐ ಪಿನ್. ನಾಲ್ಕು ಅಥವಾ ಆರು ಅಂಕಿ, ನೀವೇ ಇಡುವುದು. ಅದನ್ನಿಡಲು ಎರಡು ದಾರಿ ಇವೆ. ಎಟಿಎಂ ಕಾರ್ಡಿನ ಕೊನೆಯ ಆರು ಅಂಕಿ ಮತ್ತು ಅದರ ಅವಧಿ ಮುಗಿಯುವ ತಿಂಗಳು-ವರ್ಷ ಕೊಟ್ಟು, ಬಂದ ಓಟಿಪಿ ಹಾಕುವುದು ಒಂದು. ಕೆಲವು ಬ್ಯಾಂಕುಗಳು ಎಟಿಎಂ ಪಿನ್ನನ್ನೂ ಕೇಳುತ್ತವೆ. ಲಕೋಟೆಯಲ್ಲೇ ಇರುವ ನಿಮ್ಮ ಕಾರ್ಡನ್ನು ಬ್ಯಾಂಕಿನ ಎಟಿಎಂ ಯಂತ್ರದಲ್ಲಿ ಒಮ್ಮೆ ಚಾಲೂ ಮಾಡಿಸಿಕೊಳ್ಳಬೇಕಾದೀತು, ಅವಧಿ ಮುಗಿದಿದೆಯೋ ಎಂದೂ ನೋಡಿ. ಇನ್ನೊಂದು ದಾರಿ ಆಧಾರ್. ಆಧಾರ್ ಸಂಖ್ಯೆಯ ಮೊದಲ ಆರು ಅಂಕಿ ಕೊಟ್ಟು, ಆಧಾರ್‌ಗೆ ಕೊಟ್ಟಿರುವ ಮೊಬೈಲಿಗೆ ಬರುವ ಓಟಿಪಿ ಹಾಕುವುದು. ಆಧಾರ್‌ಗೂ ಬ್ಯಾಂಕಿಗೂ ಒಂದೇ ನಂಬರಿರಬೇಕು ಎಂದು ಮೇಲೆ ಹೇಳಿದ್ದು ಇದಕ್ಕೇ. ಪಿನ್ ಹುಟ್ಟಿದ ವರ್ಷವಾಗಬಾರದು, 1234 ಆಗಬಾರದು, ಎಟಿಎಂ ಪಿನ್ನೇ ಆಗಲೂಬಾರದು. ಈ ಪಿನ್ ಖಾತೆಗೆ ಸೇರಿದ್ದು, ಆಪ್‌ಗಲ್ಲ. ನಾಳೆ ಆಪ್ ಬದಲಾಯಿಸಿದರೂ ಅದೇ ಪಿನ್ ನಡೆಯುತ್ತದೆ. ಸತತ ಮೂರು ಸಲ ತಪ್ಪು ಒತ್ತಿದರೆ ಸಾಮಾನ್ಯವಾಗಿ ಒಂದು ದಿನ ಬಂದ್ ಆಗುತ್ತದೆ, ಆಮೇಲೆ ತೆರೆದುಕೊಳ್ಳುತ್ತದೆ.

ಈಗ ನಿಮ್ಮಾಕೆಯ ಭಯಕ್ಕೆ ಬರೋಣ. ಅವರ ಭಯ ಸುಳ್ಳಲ್ಲ, ಆದರೆ ಅದನ್ನು ಎಲ್ಲಿಡಬೇಕು ಎಂಬುದನ್ನು ತಿಳಿದುಕೊಂಡರೆ ಒಳ್ಳೆಯದು.

ನೀವು ವರ್ಷಗಟ್ಟಲೆ ಚೆಕ್ ಪುಸ್ತಕ ಇಟ್ಟುಕೊಂಡವರು. ಚೆಕ್ಕಿಗೆ ಸಹಿ ಹಾಕುವುದು ಹಣ ಕೊಡಲು. ಹಣ ತೆಗೆದುಕೊಳ್ಳಲು ನಿಮ್ಮ ಚೆಕ್ಕಿಗೆ ನೀವು ಸಹಿ ಹಾಕಿದ್ದುಂಟೇ? ಯುಪಿಐ ಪಿನ್ ಅಂದರೆ ಆ ಸಹಿ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವುದೂ ಹಾಗೆಯೇ, ಅದು ಎದುರಿನವರ ಹೆಸರನ್ನು ಚೆಕ್ಕಿನ ಮೇಲೆ ಬರೆದಂತೆ. ಆದ್ದರಿಂದ ‘ನಿಮಗೆ ಬಹುಮಾನ ಬಂದಿದೆ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಖಾತೆಗೆ ಬೀಳುತ್ತದೆ’ ಎಂದರೆ, ‘ನಿಮಗೆ ದುಡ್ಡು ಕೊಡುತ್ತೇನೆ, ನಿಮ್ಮ ಚೆಕ್ಕಿಗೆ ಸಹಿ ಹಾಕಿಕೊಡಿ’ ಅಂದ ಹಾಗೆ. ಹಾಗೆ ಅಂದವನನ್ನು ನೀವು ಜಗಲಿಯಿಂದಲೇ ಓಡಿಸುತ್ತಿದ್ದಿರಿ. ನಿಮ್ಮ ಬೀದಿಯವರಿಗೆ ಏನಾಯಿತೋ ನನಗೆ ತಿಳಿಯದು. ಆದರೆ ನನ್ನ ಮೇಜಿಗೆ ಬಂದ ಇಂಥ ದೂರುಗಳಲ್ಲಿ ಹೆಚ್ಚಿನವರು ಪಿನ್ನನ್ನು ತಾವೇ ಒತ್ತಿದ್ದರು, ಹಣ ಬರುತ್ತದೆ ಎಂದು ನಂಬಿ.

ಒಂದು ವಿನಾಯಿತಿ ಉಂಟು. ಬ್ಯಾಲೆನ್ಸ್ ನೋಡಲು ಹೋದರೂ ಪಿನ್ ಕೇಳುತ್ತದೆ, ಆಗ ಹಣ ಹೋಗುವುದಿಲ್ಲ. ವ್ಯತ್ಯಾಸ ತಿಳಿಯುವುದು ಹೇಗೆ? ಪಿನ್ ಒತ್ತುವ ಪುಟದ ತಲೆಯ ಮೇಲೆ ಕಣ್ಣಾಡಿಸಿ. ಅಲ್ಲಿ ಯಾರಿಗೆ, ಎಷ್ಟು ಎಂದು ಬರೆದಿದ್ದರೆ ಅದು ಕೊಡುವ ಪುಟ. ಅವಸರದಲ್ಲಿ ಎಲ್ಲರೂ ಅಂಕಿ ಒತ್ತುವ ಕಡೆಗೇ ನೋಡುತ್ತಾರೆ, ಮೇಲಿನ ಸಾಲು ಓದುವುದೇ ಇಲ್ಲ. ಮಕ್ಕಳಿಗೆ ಪ್ರಶ್ನೆ ಪೂರ್ತಿ ಓದಿ ಉತ್ತರ ಬರೆಯಿರಿ ಅಂತ ಮೂವತ್ತು ವರ್ಷ ಹೇಳಿದವರು ನೀವು, ನಿಮಗೆ ನಾನೇನು ಹೇಳಲಿ.

ಕಳ್ಳರು ಹಿಂದೆ ಬಹಳ ಬಳಸುತ್ತಿದ್ದ ಒಂದು ದಾರಿಯನ್ನು ಈಗ ಮುಚ್ಚಿದ್ದಾರೆ. ಗುರುತಿಲ್ಲದವನು ‘ಹಣ ಕೊಡಿ’ ಎಂಬ ಕೋರಿಕೆಯನ್ನು ನಿಮ್ಮ ಆಪ್‌ಗೆ ಕಳಿಸಿ, ನೀವದನ್ನು ಹಣ ಬಂದ ಸೂಚನೆ ಎಂದು ತಿಳಿದು ಒಪ್ಪಿಬಿಡುವ ಮೋಸವಿತ್ತು. 2025ರ ಅಕ್ಟೋಬರ್ 1ರಿಂದ ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಹಾಗೆ ಕೋರಿಕೆ ಕಳಿಸುವ ಸೌಲಭ್ಯವನ್ನೇ ಎನ್‌ಪಿಸಿಐ ನಿಲ್ಲಿಸಿದೆ. ಕಳ್ಳರೇನೂ ಕೆಲಸ ಬಿಟ್ಟಿಲ್ಲ. ಈಗ ಹೆಚ್ಚು ನಡೆಯುವುದು ಸುಳ್ಳು ಎಸ್ಸೆಮ್ಮೆಸ್: ‘ನಿಮ್ಮ ಖಾತೆಗೆ 10,000 ಜಮೆ’ ಎಂದು ಬ್ಯಾಂಕಿನ ಧಾಟಿಯಲ್ಲೇ ಬರೆದಿರುತ್ತದೆ. ಹಿಂದೆಯೇ ಒಂದು ಫೋನು, ‘ಸಾರ್, ಆಸ್ಪತ್ರೆಯಲ್ಲಿದ್ದೀನಿ, ಕೈ ತಪ್ಪಿ ನಿಮಗೆ ಹೋಯ್ತು, ದಯವಿಟ್ಟು ವಾಪಸ್ ಹಾಕಿ’. ಮರುಕ ಹುಟ್ಟಿಸಿ ಕೀಳುವ ವಿದ್ಯೆ. ಸಂದೇಶ ಹತ್ತು ಅಂಕಿಯ ಮೊಬೈಲಿನಿಂದ ಬಂದಿದ್ದರೆ ಅದು ಬ್ಯಾಂಕಿನದಲ್ಲ. ಬ್ಯಾಂಕಿನ ಸಂದೇಶ ಅಕ್ಷರಗಳ ಹೆಸರಿನಿಂದ ಬರುತ್ತದೆ. ಅದನ್ನೂ ನಂಬಿ ಕೂರದೆ ಆಪ್ ತೆರೆದು ಬ್ಯಾಲೆನ್ಸ್ ನೋಡಿ. ನಿಜವಾಗಿ ಬಂದಿದ್ದರೂ ನೀವು ವಾಪಸ್ ಕಳಿಸಬೇಡಿ, ‘ನಿಮ್ಮ ಬ್ಯಾಂಕಿಗೆ ಹೇಳಿ, ಅವರು ನನ್ನ ಬ್ಯಾಂಕನ್ನು ಕೇಳಲಿ’ ಅನ್ನಿ.

ಇನ್ನೊಂದು ಗುಂಡಿ ಗೂಗಲ್‌ನಲ್ಲಿದೆ. ಏನೋ ತೊಂದರೆಯಾಯಿತೆಂದು ‘ಕಸ್ಟಮರ್ ಕೇರ್ ನಂಬರ್’ ಹುಡುಕಿದರೆ ಕಳ್ಳರೇ ಹಾಕಿಟ್ಟ ನಂಬರು ಸಿಗುವುದುಂಟು. ಫೋನ್ ಮಾಡಿದವರು ನೀವೇ ಆದ್ದರಿಂದ ಅನುಮಾನ ಬರುವುದಿಲ್ಲ. ಅವನು ಫೋನಿನ ಪರದೆ ತನಗೂ ಕಾಣುವಂಥ ಒಂದು ಆಪ್ ಹಾಕಿಸಿ, ನೀವು ಒತ್ತುವುದನ್ನೆಲ್ಲ ಅಲ್ಲಿಂದಲೇ ನೋಡುತ್ತಾನೆ. ಸಹಾಯ ಬೇಕಾದರೆ ಆಪ್‌ನ ಒಳಗಿರುವ ‘ಸಹಾಯ’ ಎಂಬಲ್ಲಿ, ಇಲ್ಲವೇ ಪಾಸ್‌ಬುಕ್ ಮತ್ತು ಎಟಿಎಂ ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರಿನಲ್ಲಿ ಕೇಳಿ.

ಇದಕ್ಕಿಂತ ಹೆಚ್ಚು ನನ್ನ ನಿದ್ದೆ ಕೆಡಿಸುವುದು ಮಾತ್ರ ಪುಸ್ತಕದಂತೆ ಮಡಿಸುವ ಮೊಬೈಲ್ ಕವರು. ಅದರ ಜೇಬಿನಲ್ಲಿ ಎಟಿಎಂ ಕಾರ್ಡು, ಆಧಾರ್ ಕಾರ್ಡು ಎಲ್ಲ ಸಿಕ್ಕಿಸಿಕೊಂಡು ಓಡಾಡುವವರನ್ನು ಬಸ್ಸಿನಲ್ಲಿ ದಿನಾ ನೋಡುತ್ತೇನೆ. ಪಿನ್ ಇಡುವುದಕ್ಕೆ ಏನೇನು ಬೇಕೆಂದು ಮೇಲೆ ಓದಿದಿರಲ್ಲ: ಸಿಮ್, ಕಾರ್ಡಿನ ಅಂಕಿ, ಓಟಿಪಿ. ಮೂರೂ ಆ ಒಂದು ಕವರಿನಲ್ಲಿವೆ! ಫೋನು ಕಳೆದ ದಿನ ಸಿಕ್ಕವನು ಹಳೆಯ ಪಿನ್ ಊಹಿಸುವ ಕಷ್ಟ ಯಾಕೆ ಪಡುತ್ತಾನೆ, ಹೊಸದನ್ನೇ ಇಟ್ಟುಕೊಳ್ಳುತ್ತಾನೆ. ಕಾರ್ಡು ಮನೆಯ ಬೀರುವಿನಲ್ಲಿರಲಿ. ಫೋನಿಗೆ ಬೆರಳಚ್ಚಿನದೋ ಅಂಕಿಯದೋ ಬೀಗ ಇರಲಿ, ಲಾಕ್ ಆದ ಪರದೆಯ ಮೇಲೆ ಎಸ್ಸೆಮ್ಮೆಸ್ ಕಾಣದಂತೆ ಮಗ ಬಂದಾಗ ಮಾಡಿಸಿಕೊಳ್ಳಿ. ಫೋನು ಕಳೆದರೆ ಮೊದಲು ಸಿಮ್ ಕಂಪನಿಗೆ ಹೇಳಿ ಸಿಮ್ ನಿಲ್ಲಿಸಿ, ಆಮೇಲೆ ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸಿ. ಪೊಲೀಸ್ ದೂರು ಕೊಟ್ಟ ಮೇಲೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ಫೋನನ್ನೇ ಬ್ಲಾಕ್ ಮಾಡಿಸಬಹುದು. ಅಂದ ಹಾಗೆ, ಈ ನಂಬರಿನ ರೀಚಾರ್ಜ್ ಮರೆಯಬೇಡಿ. ಬಹಳ ಕಾಲ ಬಿಟ್ಟ ನಂಬರನ್ನು ಕಂಪನಿ ಇನ್ನೊಬ್ಬರಿಗೆ ಕೊಟ್ಟುಬಿಡುತ್ತದೆ.

ಪಿಂಚಣಿ ಖಾತೆ ಜೋಡಿಸಬಹುದೇ ಎಂದು ಕೇಳಿದಿರಿ. ಉಳಿತಾಯ ಖಾತೆಯಾದ್ದರಿಂದ ನಿಯಮದ ಪ್ರಕಾರ ಜೋಡಿಸಬಹುದು. ನಾನಾಗಿದ್ದರೆ ಜೋಡಿಸುತ್ತಿರಲಿಲ್ಲ. ಅದೇ ಬ್ಯಾಂಕಿನಲ್ಲೋ ಪಕ್ಕದ್ದರಲ್ಲೋ ಇನ್ನೊಂದು ಸಣ್ಣ ಉಳಿತಾಯ ಖಾತೆ ತೆರೆದು, ತಿಂಗಳ ಮನೆಖರ್ಚಿಗೆ ಬೇಕಾದಷ್ಟನ್ನು ಮಾತ್ರ ಅಲ್ಲಿಗೆ ಹಾಕಿಸಿಕೊಂಡು, ಆ ಖಾತೆಗೆ ಯುಪಿಐ ಮಾಡಿಕೊಳ್ಳುತ್ತಿದ್ದೆ. ಆಗ ಎಷ್ಟೇ ಕೆಟ್ಟದ್ದಾದರೂ ಹೋಗುವುದು ಜೇಬಿನ ದುಡ್ಡು, ತಿಜೋರಿಗೆ ಕೈ ಹೋಗುವುದಿಲ್ಲ. ಕನಿಷ್ಠ ಬ್ಯಾಲೆನ್ಸ್ ಎಷ್ಟಿರಬೇಕೆಂದು ಮೊದಲೇ ಕೇಳಿಕೊಳ್ಳಿ. ನಿಮ್ಮಾಕೆ ಒಪ್ಪುವುದಿದ್ದರೆ ಈ ಏರ್ಪಾಟಿಗೆ ಒಪ್ಪುತ್ತಾರೆ ಅನ್ನುವುದು ನನ್ನ ಅಂದಾಜು.

ಒಂದು ದಿನಕ್ಕೆ ಸಾಮಾನ್ಯವಾಗಿ 1 ಲಕ್ಷ ರೂಪಾಯಿಯವರೆಗೆ ಕಳಿಸಬಹುದು, ಬ್ಯಾಂಕುಗಳು ಇನ್ನೂ ಕಡಿಮೆ ಇಟ್ಟಿರಬಹುದು. ಹೊಸದಾಗಿ ಹಾಕಿಕೊಂಡ ಮೊದಲ 24 ಗಂಟೆ 5,000 ರೂಪಾಯಿಯ ಮಿತಿ ಇರುತ್ತದೆ. ಮೊದಲ ದಿನವೇ ದೊಡ್ಡ ಮೊತ್ತ ಕಳಿಸಲು ಹೋಗಿ ‘ಆಗಲಿಲ್ಲ’ ಎಂದು ಬಂದರೆ ಕಾರಣ ಅದೇ. ಹಾಲು, ತರಕಾರಿಯಂಥ ಚಿಲ್ಲರೆಗೆ ಯುಪಿಐ ಲೈಟ್ ಎಂಬುದಿದೆ. ಅದರಲ್ಲಿ 5,000 ರೂಪಾಯಿಯವರೆಗೆ ತುಂಬಿಟ್ಟುಕೊಂಡು ಒಂದು ಸಲಕ್ಕೆ 1,000ದವರೆಗೆ ಪಿನ್ ಇಲ್ಲದೆಯೇ ಕೊಡಬಹುದು. ಪಿನ್ ಇಲ್ಲ ಅಂದ ಮೇಲೆ ತುಂಬಿಡುವುದು ಐನೂರೋ ಸಾವಿರವೋ ಇದ್ದರೆ ಸಾಕು.

ಹಣ ತಪ್ಪಿ ಹೋದರೆ ಯಾರನ್ನು ಕೇಳಬೇಕು ಎಂಬುದು ನಿಮ್ಮ ಕೊನೆಯ ಪ್ರಶ್ನೆ. ಮೂರು ಬಗೆಯ ತಪ್ಪುಗಳಿವೆ, ಮೂರಕ್ಕೂ ಬಾಗಿಲು ಬೇರೆ.

ನಿಮ್ಮ ಖಾತೆಯಲ್ಲಿ ಕಡಿತವಾಗಿ ಎದುರಿನವರಿಗೆ ತಲುಪದಿದ್ದರೆ ಅದು ಯಂತ್ರದ ತೊಡಕು. ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ ವ್ಯಕ್ತಿಗೆ ಕಳಿಸಿದ್ದಾದರೆ ಮರುದಿನದೊಳಗೆ, ಅಂಗಡಿಗೆ ಕೊಟ್ಟದ್ದಾದರೆ ಐದು ದಿನದೊಳಗೆ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸಲ್ಲಬೇಕು. ‘ಬಾಕಿ ಇದೆ’ ಎಂದು ತೋರಿಸುತ್ತಿರುವಾಗ ಅವಸರಪಟ್ಟು ಮತ್ತೊಮ್ಮೆ ಕಳಿಸಬೇಡಿ. ಬ್ಯಾಂಕಿನವನಾಗಿದ್ದ ನಾನೇ ಒಮ್ಮೆ ಪೆಟ್ರೋಲ್ ಬಂಕಿನಲ್ಲಿ ಹಿಂದಿನ ಗಾಡಿಗಳ ಹಾರ್ನ್‌ಗೆ ಹೆದರಿ ಎರಡು ಸಲ ಕೊಟ್ಟೆ. ಎರಡೂ ತಲುಪಿದವು. ಮರುದಿನ ಹೋಗಿ ಇಸಿದುಕೊಂಡು ಬರಬೇಕಾಯಿತು. ವ್ಯವಹಾರದ ವಿವರದಲ್ಲಿ ಯುಟಿಆರ್ ಎಂಬ ಹನ್ನೆರಡು ಅಂಕಿಯ ಸಂಖ್ಯೆ ಇರುತ್ತದೆ, ಯಾವ ದೂರಿಗೂ ಅದು ಬೇಕು.

ನೀವೇ ತಪ್ಪು ನಂಬರಿಗೆ ಕಳಿಸಿದರೆ ಮಾತು ಬೇರೆ. ಹೋದ ಹಣವನ್ನು ಪಡೆದವರ ಒಪ್ಪಿಗೆ ಇಲ್ಲದೆ ಬ್ಯಾಂಕು ಸುಮ್ಮನೆ ಎಳೆದುಕೊಳ್ಳಲಾಗದು. ಕೂಡಲೇ ಆಪ್‌ನಲ್ಲೂ ಶಾಖೆಯಲ್ಲೂ ದೂರು ಕೊಡಿ, ಒಳ್ಳೆಯವರಾದರೆ ಬರುತ್ತದೆ. ಕಳಿಸುವ ಮೊದಲು ಕಾಣುವ ಹೆಸರನ್ನು ಓದುವುದೇ ಇದಕ್ಕೆ ಮದ್ದು. 2025ರ ಜೂನ್ 30ರಿಂದ ಅಲ್ಲಿ ಕಾಣಬೇಕಾದದ್ದು ಬ್ಯಾಂಕಿನ ದಾಖಲೆಯಲ್ಲಿರುವ ಹೆಸರು, ಅವರವರು ಇಟ್ಟುಕೊಂಡ ಅಡ್ಡಹೆಸರಲ್ಲ.

ಮೋಸವಾದರೆ 1930ಕ್ಕೆ ಫೋನ್ ಮಾಡಿ. ಇದು ದೇಶಕ್ಕೆಲ್ಲ ಒಂದೇ ಸೈಬರ್ ಅಪರಾಧ ಸಹಾಯವಾಣಿ. ಮಗನಿಗೆ ಹೇಳಲೋ ಬೇಡವೋ, ನೆರೆಯವರು ನಕ್ಕಾರೋ ಎಂದು ಒಂದು ರಾತ್ರಿ ಯೋಚಿಸುತ್ತ ಕೂತರೆ, ಅಷ್ಟರಲ್ಲಿ ಹಣ ನಾಲ್ಕು ಖಾತೆ ದಾಟಿರುತ್ತದೆ. ಬೇಗ ತಿಳಿಸಿದರೆ ಕಳ್ಳನ ಖಾತೆಯಲ್ಲೇ ಅದನ್ನು ತಡೆಹಿಡಿಯಲು ಸಾಧ್ಯ. ಬ್ಯಾಂಕಿಗೂ ಅದೇ ಗಳಿಗೆಯಲ್ಲಿ ತಿಳಿಸಿ. ನಿಮ್ಮ ತಪ್ಪಾಗಲಿ ಬ್ಯಾಂಕಿನ ತಪ್ಪಾಗಲಿ ಇಲ್ಲದೆ ಹೊರಗಿನವರಿಂದ ಹಣ ಹೋಗಿ, ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದ್ದರೆ ನಷ್ಟ ನಿಮ್ಮದಲ್ಲ ಎನ್ನುತ್ತದೆ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ. ಪಿನ್ನನ್ನು ನೀವೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು. ದೂರಿಗೆ ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕುಗಳ ಮೇಲಿನ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ, ಬರೆಯಬಹುದು, ಶುಲ್ಕವಿಲ್ಲ.

ಎಲ್ಲ ಸಿದ್ಧವಾದ ದಿನ ಮಗನಿಗೆ ಒಂದು ರೂಪಾಯಿ ಕಳಿಸಿ, ನಿಮ್ಮಾಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕಳಿಸಿ. ಪಿನ್ ಪುಟದ ಮೇಲಿನ ಸಾಲನ್ನು ಅವರೇ ಗಟ್ಟಿಯಾಗಿ ಓದಲಿ. ಒಂದು ವಾರ ಹಾಲಿನವರಿಗೆ, ಔಷಧಿ ಅಂಗಡಿಗೆ ಮಾತ್ರ ಬಳಸಿ ನೋಡಿ. ಮತ್ತೆ, ಪಾಸ್‌ಬುಕ್ ಬಿಡಬೇಡಿ. ತಿಂಗಳಿಗೊಮ್ಮೆ ಎಂಟ್ರಿ ಹಾಕಿಸಿಕೊಂಡು ಬಂದು ಆಪ್‌ನಲ್ಲಿರುವ ಪಟ್ಟಿಯ ಜೊತೆ ತಾಳೆ ನೋಡಿ, ಹೊಂದದ ಸಾಲಿನ ಪಕ್ಕ ಕೆಂಪು ಶಾಯಿಯಲ್ಲಿ ಗುರುತು ಹಾಕಿಟ್ಟು ಶಾಖೆಯಲ್ಲಿ ಕೇಳಿ.